ಐದನೇ ನಂಬರಿನ ಕ್ಲಿಪ್ಪು

ಚಿತ್ರ ಕೆಡುವುದಕ್ಕೆ ಮೂರೇ ಕಾರಣ. ನನ್ನ ಅಂಗಡಿಗೆ ಯಾರೇ ಬರಲಿ, ಡ್ರೋನನ್ನು ಮೇಜಿನ ಮೇಲೆ ಇಡುವ ಮೊದಲೇ ನಾನು ಕೇಳುವುದು ಒಂದೇ ಪ್ರಶ್ನೆ: ಗೆರೆಯೋ, ಚುಕ್ಕೆಯೋ, ಇನ್ನೊಬ್ಬನ ಚಿತ್ರವೋ? ವೇಗ ಏರಿಸಿದಾಗ ಅಡ್ಡಡ್ಡ ಗೆರೆ ಬಂದರೆ ಅದು ಮೋಟಾರುಗಳ ಗಲಾಟೆ, ಬ್ಯಾಟರಿಯ ತಂತಿಯಲ್ಲಿ ಹರಿದು ಕ್ಯಾಮೆರಾಕ್ಕೆ ಹತ್ತಿದ್ದು. ಆ ಗಲಾಟೆಯನ್ನು ನುಂಗಲು ಒಂದು ಕೆಪಾಸಿಟರ್ ಬೆಸೆದರೆ ಮುಕ್ಕಾಲು ಪಾಲು ವಾಸಿ. ದೂರ ಹೋದ ಹಾಗೆ ಚುಕ್ಕೆ ಮುತ್ತಿಕೊಂಡರೆ ಆಂಟೆನಾ ಸಡಿಲ. ಇವೆರಡೂ ಅಲ್ಲದೆ, ಇದ್ದಕ್ಕಿದ್ದಂತೆ ಚಿತ್ರ ಹರಿದು ಅದರ ಜಾಗದಲ್ಲಿ ಬೇರೆ ಯಾರದ್ದೋ ಚಿತ್ರ ಬಂದು ಕೂತರೆ, ಕಾಯಿಲೆ ನಿಮ್ಮ ಡ್ರೋನಿನದಲ್ಲ. ಯಾರೋ ಪುಣ್ಯಾತ್ಮ ನಿಮ್ಮದೇ ಚಾನೆಲ್ಲಿನಲ್ಲಿ ಪಕ್ಕದಲ್ಲೇ ಬ್ಯಾಟರಿ ಹಾಕಿದ್ದಾನೆ.

ಈ ಮೂರನೆಯದನ್ನು ಹೇಳುವಾಗ ಸುಮಾರು ಒಂದು ವರ್ಷ ನನ್ನ ನಾಲಿಗೆ ತಡವರಿಸುತ್ತಿತ್ತು. ಅದಕ್ಕೆ ಕಾರಣ ಹೇಳಲೆಂದೇ ಕೂತಿದ್ದೇನೆ.

ನಾನು ಮೊದಲು ಟೀವಿ ರಿಪೇರಿಯವನು. ಕೆಟ್ಟ ಟೀವಿಯನ್ನು ಜನ ನನ್ನ ಹತ್ತಿರ ತರುವ ಬದಲು ಬಿಸಾಡಲು ಶುರುಮಾಡಿದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದೆ. ಅಷ್ಟರಲ್ಲಿ ಹಿಂದಿನ ಗೋಡೆಯಾಚೆಯ ಮೈದಾನಕ್ಕೆ ಈ ರೇಸ್ ಡ್ರೋನಿನ ಹುಚ್ಚು ಬಂತು. ಅಂಗೈಗಿಂತ ತುಸು ದೊಡ್ಡದು, ನಾಲ್ಕು ರೆಕ್ಕೆ, ಮೂತಿಯಲ್ಲಿ ಅಂಗಿಯ ಗುಂಡಿಯಷ್ಟು ಕ್ಯಾಮೆರಾ. ಹಾರಿಸುವವನು ಕಣ್ಣಿಗೆ ಡಬ್ಬಿಯಂಥ ಗಾಗಲ್ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರುತ್ತಾನೆ. ಕ್ಯಾಮೆರಾ ಕಂಡದ್ದೇ ಅವನಿಗೆ ಕಾಣುವುದು. ಆ ಚಿತ್ರ ಹೋಯಿತೋ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಅವನು ಕುರುಡ.

ಒಟ್ಟಿಗೆ ಎಂಟು ಜನ ಹಾರಿಸಬಹುದು, ಏಕೆಂದರೆ ಚಿತ್ರ ಹರಿಯುವ ಚಾನೆಲ್ ಎಂಟು. ಒಬ್ಬರ ಚಿತ್ರದ ಮೇಲೆ ಇನ್ನೊಬ್ಬರದು ಬೀಳಬಾರದೆಂದು ಮೈದಾನದ ಮೇಜಿನ ಪಕ್ಕ ಒಂದು ಹಲಗೆ ನಿಲ್ಲಿಸಿ, ಅದಕ್ಕೆ ಬಟ್ಟೆ ಒಣಹಾಕುವ ಎಂಟು ಕ್ಲಿಪ್ಪು ಸಿಕ್ಕಿಸಿ, ಒಂದೊಂದಕ್ಕೂ ಬಣ್ಣದಲ್ಲಿ ನಂಬರು ಬರೆದವನು ನಾನೇ. ಕಟ್ಟಳೆ ಮಾಡಿದವನೂ ನಾನೇ. ನಿನ್ನ ಚಾನೆಲ್ಲಿನ ಕ್ಲಿಪ್ಪು ಹಲಗೆಯಲ್ಲಿದ್ದರೆ ತೆಗೆದು ಕಾಲರಿಗೆ ಸಿಕ್ಕಿಸಿಕೋ, ಆಮೇಲೆ ಬ್ಯಾಟರಿ ಹಾಕು. ಕ್ಲಿಪ್ಪು ಇಲ್ಲದಿದ್ದರೆ ಅದು ಯಾರ ಕಾಲರಿನಲ್ಲಿದೆಯೋ ಅವರು ಇಳಿಸುವ ತನಕ ತೆಪ್ಪಗಿರು. ಇದನ್ನು ಮೀರಿದವರನ್ನು ನಾನು ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ರೇಸಿನ ಸಮಯ ನೋಡುವ ನಿವೃತ್ತ ಲೆಕ್ಕದ ಮೇಷ್ಟ್ರು ಒಮ್ಮೆ ಕ್ಲಿಪ್ಪು ಮರೆತಾಗ ಅವರನ್ನೂ ಬಿಡಲಿಲ್ಲ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎಂಬ ಗಾದೆ ನನ್ನಂಥವನಿಗಾಗಿಯೇ ಹುಟ್ಟಿದೆ ಎಂದು ಆಗ ಗೊತ್ತಿರಲಿಲ್ಲ.

ಅಂಗಡಿಯ ಮೇಲಿನ ಎರಡು ಕೋಣೆಯೇ ನನ್ನ ಮನೆ. ಹೆಂಡತಿ ಹೋಗಿ ಮೂರು ವರ್ಷವಾಯಿತು. ಮಕ್ಕಳಿಲ್ಲ. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಬಿಟ್ಟಿದ್ದೇನೆ, ಅದು ಬಡಿದರೆ ಮನೆ ಎಷ್ಟು ಖಾಲಿ ಎಂದು ಗೊತ್ತಾಗುತ್ತದೆ. ಅವಳು ಕೊನೆಯದಾಗಿ ಹೆಣೆದ ಬೂದು ಬಣ್ಣದ ಸ್ವೆಟರ್ ಒಂದಿದೆ. ಬಲಗೈ ಮುಗಿಯುವ ಹೊತ್ತಿಗೆ ನೂಲು ಸಾಲದೆ, ಮಣಿಕಟ್ಟಿನ ಪಟ್ಟಿಯನ್ನು ಹಳದಿ ನೂಲಿನಲ್ಲಿ ಮುಗಿಸಿದ್ದಳು. "ಇದೇನೇ ಇದು, ಒಂದು ಕೈ ಒಂದು ಬಣ್ಣ" ಎಂದು ನಾನು ರೇಗಿದ್ದೆ. "ಯಾರು ನೋಡ್ತಾರೆ ನಿಮ್ಮ ಕೈನ" ಅಂದಿದ್ದಳು. ಬಿಸಿಲಿರಲಿ ಚಳಿಯಿರಲಿ, ಕೆಲಸಕ್ಕೆ ಕೂತಾಗ ನನ್ನ ಮೈಮೇಲೆ ಅದೇ.

ನನ್ನವರು ಅಂತ ಉಳಿದವನು ಅವಳ ತಮ್ಮ ಒಬ್ಬನೇ. ನನ್ನ ಭಾಮೈದ. ಸಿಟಿ ಬಸ್ಸಿನ ಡ್ರೈವರ್, ನಲವತ್ತು ದಾಟಿದವನು, ಅವನೂ ಒಂಟಿ. ಅಕ್ಕ ಹೋದ ಮೇಲೆ ಅವನನ್ನು ಈ ಹುಚ್ಚಿಗೆ ಹಚ್ಚಿದವನು ನಾನು. ಕೈ ಒಳ್ಳೆಯದು. ತಿರುವು ಬಂದರೆ ಮಾತ್ರ ಮೊದಲು ಕೊಂಚ ಮೇಲೆದ್ದು, ಆಚೆ ನೋಡಿ, ಆಮೇಲೆ ಅಗಲವಾಗಿ ತಿರುಗಿಸುತ್ತಿದ್ದ. "ನಲವತ್ತು ಜನ ಪ್ಯಾಸೆಂಜರ್ ಇದ್ದಾರೇನೋ ಒಳಗೆ" ಎಂದು ನಾನು ರೇಗಿಸುತ್ತಿದ್ದೆ. ಆದರೂ ಎರಡೇ ವರ್ಷದಲ್ಲಿ ಅವನನ್ನು ಹಿಂದೆ ಹಾಕುವವರು ಮೈದಾನದಲ್ಲಿ ಇಲ್ಲದ ಹಾಗಾಯಿತು.

ಹೋದ ವರ್ಷ ದೊಡ್ಡ ಪಂದ್ಯಕ್ಕೆ ನಮ್ಮಲ್ಲಿಂದ ಒಬ್ಬನನ್ನು ಆರಿಸುವ ರೇಸು. ಕೊನೆಯ ಸುತ್ತು. ಭಾಮೈದ ಎಲ್ಲರಿಗಿಂತ ಎರಡು ಗೇಟು, ಅಂದರೆ ಡ್ರೋನು ತೂರಿ ಹೋಗಬೇಕಾದ ಎರಡು ಚೌಕಟ್ಟು, ಮುಂದಿದ್ದ. ನಾನು ಮೇಜಿನ ಹತ್ತಿರ, ನಮ್ಮ ಜೊತೆ ಹಾರಿಸುವ ಬೇಕರಿಯವನ ಡ್ರೋನು ನೋಡುತ್ತಿದ್ದೆ. ಅವನದು ಮುಂದಿನ ಸರದಿ, ಚಿತ್ರದಲ್ಲಿ ಗೆರೆ ಬರುತ್ತಿದೆ ಎಂದು ಬೆಳಗಿನಿಂದ ಪ್ರಾಣ ತಿನ್ನುತ್ತಿದ್ದ. ಕೆಪಾಸಿಟರ್ ಬೆಸೆದೆ, ಗೆರೆ ಹೋಯಿತಾ ನೋಡೋಣ ಎಂದು ಬ್ಯಾಟರಿ ಸಿಕ್ಕಿಸಿ ಅವನದೇ ಗಾಗಲ್ ಕಣ್ಣಿಗೆ ಹಿಡಿದೆ. ಡ್ರೋನು ಯಾವ ಚಾನೆಲ್ಲಿನಲ್ಲಿದೆ ಎಂದು ನೋಡಲಿಲ್ಲ. ಹಲಗೆಯ ಕಡೆ ತಿರುಗಲೂ ಇಲ್ಲ. ತಿರುಗಿದ್ದರೆ ಐದನೇ ಕ್ಲಿಪ್ಪಿನ ಜಾಗ ಖಾಲಿ ಇರುವುದು ಕಾಣುತ್ತಿತ್ತು, ಅದು ಭಾಮೈದನ ಕಾಲರಿನಲ್ಲಿತ್ತು.

ಗೆರೆ ಹೋಗಿತ್ತು. ಗಾಗಲ್ಲಿನಲ್ಲಿ ನನ್ನದೇ ಮೇಜು, ನನ್ನದೇ ಇಕ್ಕಳ, ಎಲ್ಲ ಕನ್ನಡಿಯಂತೆ ಸ್ಪಷ್ಟ. ಮೂಲೆಯಲ್ಲಿ ಚಾನೆಲ್ಲಿನ ನಂಬರು ಐದು ಎಂದಿತ್ತು. ಅದನ್ನು ಓದಿ, ಅರ್ಥವಾಗಿ, ಕೈ ಚಾಚಿ ಬ್ಯಾಟರಿ ಕೀಳಲು ಮೂರು ಸೆಕೆಂಡು ಹಿಡಿದಿರಬೇಕು. ಅಷ್ಟರಲ್ಲಿ ಕಬ್ಬಿಣದ ಗೇಟಿಗೆ ಏನೋ ಬಡಿದ ಸದ್ದು ಕೇಳಿಸಿತು. ಗಾಗಲ್ ತೆಗೆದಾಗ ಅವನ ಡ್ರೋನು ನಾಲ್ಕು ತುಂಡಾಗಿ ಹುಲ್ಲಿನಲ್ಲಿ ಬಿದ್ದಿತ್ತು.

"ಚಿತ್ರ ಹೋಯ್ತು ಭಾವ" ಅಂದ. ಅಷ್ಟೇ ಅಂದದ್ದು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಸುತ್ತ ಮೂವತ್ತು ಜನ, ಎಲ್ಲರೂ ನನ್ನ ಹತ್ತಿರ ಬೈಸಿಕೊಂಡವರೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿಗೆ ನಾಚಿಕೆಯಾಯಿತು. "ವೈರ್ ಸಡಿಲ ಇರಬೇಕು, ಅಂಗಡಿಗೆ ತಗೊಂಡು ಬಾ, ನೋಡೋಣ" ಅಂದುಬಿಟ್ಟೆ. ಬೇಕರಿಯವನು ಚಹಾ ತರಲು ಹೋಗಿದ್ದ. ಮಿಕ್ಕವರ ಕಣ್ಣೆಲ್ಲ ರೇಸಿನ ಮೇಲಿತ್ತು. ಯಾರೂ ನೋಡಿರಲಿಲ್ಲ.

ಹಾಗೆ ಮೊದಲ ಭಾನುವಾರ ಬಂದ. ಹತ್ತು ಗಂಟೆಗೆ, ರಟ್ಟಿನ ಡಬ್ಬಿಯಲ್ಲಿ ತುಂಡುಗಳನ್ನು ತುಂಬಿಕೊಂಡು. ಇಬ್ಬರೂ ಕೂತು ಜೋಡಿಸಿದೆವು. ಸಂಜೆಯವರೆಗೂ ಇದ್ದ. ನಾನು ಎರಡು ಲೋಟ ಚಹಾ ಮಾಡಿದೆ, ಎಷ್ಟೋ ತಿಂಗಳ ಮೇಲೆ ಎರಡು ಲೋಟ. ಹೋಗುವಾಗ "ಇನ್ನೂ ನಂಬಿಕೆ ಬರ್ತಿಲ್ಲ ಭಾವ, ಮುಂದಿನ ವಾರ ಇನ್ನೊಂದ್ಸಲ ನೋಡೋಣ್ವಾ" ಅಂದ. ನೋಡೋಣ ಅಂದೆ. ಅಲ್ಲಿಗೆ ನಾನು ಕೆಟ್ಟೆ.

ಇಲ್ಲದ ಕಾಯಿಲೆಗೆ ಮದ್ದು ಹುಡುಕುವುದು ಎಷ್ಟು ಸುಖದ ಕೆಲಸ ಅಂತೀರಿ. ಒಂದು ವಾರ ಕೆಪಾಸಿಟರ್ ಬದಲಾಯಿಸಿದೆವು. ಮುಂದಿನ ವಾರ ಆಂಟೆನಾ. ಕ್ಯಾಮೆರಾದ ನೆಗೆಟಿವ್ ತಂತಿಯನ್ನು ಬಿಚ್ಚಿ, ಚಿತ್ರ ಕಳಿಸುವ ಪೆಟ್ಟಿಗೆಯ ನೆಗೆಟಿವ್ ಜೊತೆ ಒಂದೇ ಜಾಗದಲ್ಲಿ ಬೆಸೆದೆವು. ಕ್ಯಾಮೆರಾ ಬದಲಾಯಿತು, ಪೆಟ್ಟಿಗೆ ಬದಲಾಯಿತು. ಪ್ರತಿ ವಾರವೂ ನಾನು ಮುಖ ಗಂಟಿಕ್ಕಿ "ಇಲ್ಲೇ ಇದೆ ನೋಡು ಕಳ್ಳ" ಅನ್ನುತ್ತಿದ್ದೆ. ವಾರ ಮುಗಿಯುವ ಹೊತ್ತಿಗೆ ಹೊಸ ಕಳ್ಳನನ್ನು ಹುಟ್ಟಿಸಿ ಇಟ್ಟಿರುತ್ತಿದ್ದೆ. ಕೊನೆಕೊನೆಗೆ ಆ ಡ್ರೋನಿನಲ್ಲಿ ಹಳೆಯದು ಅಂತ ಉಳಿದದ್ದು ಮೊದಲ ದಿನ ಅವನು ಅಂಟಿಸಿದ್ದ ಒಂದು ಸ್ಟಿಕ್ಕರ್ ಮಾತ್ರ. ಇಡೀ ಮೈದಾನದಲ್ಲಿ ಅಷ್ಟು ನಿರ್ಮಲವಾದ ಚಿತ್ರ ಇನ್ನೊಬ್ಬರದ್ದಿರಲಿಲ್ಲ. ಆದರೂ ಅವನು ಮೈದಾನಕ್ಕೆ ಇಳಿಯಲಿಲ್ಲ. ಭಾನುವಾರ ಹತ್ತಕ್ಕೆ ಡಬ್ಬಿ ಹಿಡಿದು ನನ್ನ ಬಾಗಿಲಿಗೆ ಬರುತ್ತಿದ್ದ.

ನಿಜ ಹೇಳಿದರೆ ಎರಡು ರೀತಿಯಲ್ಲಿ ಅವನನ್ನು ಕಳೆದುಕೊಳ್ಳುತ್ತಿದ್ದೆ. ಸಿಟ್ಟಿಗೆ ಒಂದು ಸಲ, ರಿಪೇರಿ ಮುಗಿಯಿತಲ್ಲ ಎಂದು ಇನ್ನೊಂದು ಸಲ. ವಾರದ ಆರು ದಿನ ನಾನು ಆ ಒಂದು ದಿನವನ್ನು ಕಾಯುತ್ತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಶನಿವಾರ ಸಂಜೆ ಅವನ ಕುರ್ಚಿಯನ್ನು ಒರೆಸಿಡುತ್ತಿದ್ದೆ.

ಮೈದಾನದವರು ಅಷ್ಟರಲ್ಲಿ ಅವನಿಗೊಂದು ಹೆಸರಿಟ್ಟಿದ್ದರು: ಕಣ್ಣಾಮುಚ್ಚಾಲೆ. ಗೆಲ್ಲುವ ಹೊತ್ತಿಗೆ ಹೆದರಿ ಕಣ್ಣು ಮುಚ್ಚಿದ ಎಂದು. ತಮಾಷೆಗೇ ಇಟ್ಟದ್ದು. ನನ್ನ ಎದುರು ಯಾರಾದರೂ ಆ ಹೆಸರು ಹೇಳಿದರೆ ನಾನು ಇಕ್ಕಳ ಕೆಳಗೆ ಬೀಳಿಸುತ್ತಿದ್ದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ. ಆದರೆ ಆ ಹೆಸರು ಬೇಡ ಎಂದು ಒಬ್ಬನಿಗೂ ಹೇಳಲಿಲ್ಲ.

ನಲವತ್ತನೇ ಭಾನುವಾರ ಅವನು ಬಂದವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೂರಲಿಲ್ಲ.

"ಭಾವ, ಇದೇ ಕೊನೆ. ಇದನ್ನ ಯಾರಿಗಾದ್ರೂ ಕೊಟ್ಬಿಡಿ."

"ಯಾಕೋ, ಏನಾಯ್ತು?"

"ಡಿಪೋದಲ್ಲಿ ನನ್ನನ್ನ ಸ್ಟೇರಿಂಗಿಂದ ಇಳಿಸಿದ್ದಾರೆ. ಮೂರು ವಾರ ಆಯ್ತು, ಬಸ್ ತೊಳೀತಾ ಇದ್ದೀನಿ."

ನಾನು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟೆ. "ಮೂರು ವಾರದಿಂದ ನನಗೆ ಹೇಳಲಿಲ್ಲ ನೀನು."

"ಏನು ಹೇಳಲಿ? ಮೈದಾನದ ಹೆಸರು ಬಸ್ಸಿನವರೆಗೂ ಬಂತು. ಕಂಡಕ್ಟರ್ ಕಣ್ಣಾಮುಚ್ಚಾಲೆ ಅಂತ ಕೂಗಿದ, ಪ್ಯಾಸೆಂಜರ್ ಒಬ್ರು ಯಾಕೆ ಅಂತ ಕೇಳಿದ್ರು. ಇವನಿಗೆ ಮಧ್ಯೆ ಮಧ್ಯೆ ಕಣ್ಣು ಕತ್ತಲೆ ಬರುತ್ತೆ ಅಂತ ಅವನು ನಗ್ತಾ ಹೇಳಿದ. ಅವರು ದೂರು ಬರೆದು ಕೊಟ್ರು. ಡಾಕ್ಟ್ರು ಕಣ್ಣು ಚೆನ್ನಾಗಿದೆ ಅಂತಾರೆ. ಹಾಗಾದ್ರೆ ಆವತ್ತು ಆಗಿದ್ದೇನು ಅಂತ ಸಾಹೇಬ್ರು ಕೇಳ್ತಾರೆ. ನನ್ನ ಹತ್ರ ಉತ್ತರ ಇಲ್ಲ." ಅವನು ಡಬ್ಬಿಯ ಮೇಲೆ ಕೈಯಿಟ್ಟ. "ನಲವತ್ತು ವಾರ ಎಲ್ಲಾನೂ ಬದಲಾಯಿಸಿದ್ವಿ ಭಾವ. ಇನ್ನು ಬದಲಾಯಿಸೋಕೆ ಉಳಿದಿರೋದು ನನ್ನ ಕಣ್ಣೇ. ಅದೇ ಕೆಟ್ಟಿರಬೇಕು."

ಹೀಗೆ ಹೇಳಿ ನನ್ನ ಮುಖವನ್ನೇ ನೋಡಿದ. ನೋಡುತ್ತಲೇ ನಿಂತ.

ಹದಿನೆಂಟು ವರ್ಷ ಒಂದು ಗೀಚು ಇಲ್ಲದೆ ಬಸ್ಸು ಓಡಿಸಿದವನು ನೀರಿನ ಪೈಪು ಹಿಡಿದು ನಿಂತಿದ್ದಾನೆ. ನಾನು ಇಲ್ಲಿ ಅವನ ಕುರ್ಚಿ ಒರೆಸುತ್ತ ಕೂತಿದ್ದೇನೆ. ಬಾಯಲ್ಲಿ ಹೇಳಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ನನ್ನ ಮಾತು ಯಾವತ್ತು ಕೇಳಿದೆ? ಬೈಯುವುದೊಂದೇ ಅದಕ್ಕೆ ಗೊತ್ತು. ಕೈಯಾದರೆ ಹೇಳೀತು.

"ಕೂತುಕೋ" ಅಂದೆ. "ಗಾಗಲ್ ಕಟ್ಟಿಕೋ. ಏನು ಕಂಡರೂ ನಾನು ಹೇಳೋ ತನಕ ತೆಗೀಬೇಡ."

ಅವನ ಡ್ರೋನನ್ನು ಬಾಗಿಲಿನ ಹತ್ತಿರ ಸ್ಟೂಲಿನ ಮೇಲಿಟ್ಟು, ಮೂತಿಯನ್ನು ಬೀದಿಗೆ ತಿರುಗಿಸಿ ಬ್ಯಾಟರಿ ಹಾಕಿದೆ.

"ಏನು ಕಾಣ್ತದೆ?"

"ರಸ್ತೆ. ಎದುರು ಟೈಲರ್ ಅಂಗಡಿ. ಒಂದು ಸೈಕಲ್ಲು."

ಕಪಾಟಿನಿಂದ ನನ್ನದೇ ಹಳೆಯ ಡ್ರೋನೊಂದನ್ನು ಇಳಿಸಿದೆ. ಅದನ್ನೂ ಅವನ ಐದನೇ ಚಾನೆಲ್ಲಿಗೆ ಇಟ್ಟೆ. ಮೇಜಿನ ಮೇಲೆ, ಆವತ್ತು ಬೇಕರಿಯವನದು ಇದ್ದ ಹಾಗೆಯೇ, ಕ್ಯಾಮೆರಾ ನನ್ನ ಕಡೆಗೆ. ಬ್ಯಾಟರಿಯ ಮೂತಿ ಎರಡು ಸಲ ತಪ್ಪಿತು. ಮೂರನೇ ಸಲ ಸಿಕ್ಕಿಸಿದೆ. ಕುರ್ಚಿಯಲ್ಲಿ ಅವನ ಮೈ ಸೆಟೆದದ್ದು ಕಂಡಿತು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ಕೈ ಚಾಚಿ ಕಿತ್ತೆ.

"ಇದೇ ಕಣೋ" ಅಂದೆ. "ಆವತ್ತು ನಿನ್ನ ಚಿತ್ರ ಹೋಗಿದ್ದು ಹೀಗೆ. ವೈರ್ ಅಲ್ಲ, ಕಣ್ಣೂ ಅಲ್ಲ. ನಾನು. ಕ್ಲಿಪ್ಪು ನೋಡದೆ ಬ್ಯಾಟರಿ ಹಾಕಿದ್ದೆ. ಆವತ್ತೇ ನನಗೆ ಗೊತ್ತಾಗಿತ್ತು."

ಅವನು ಗಾಗಲ್ ತೆಗೆಯಲಿಲ್ಲ. ಎದುರು ಟೈಲರ್ ಮೆಷಿನ್ನಿನ ಸದ್ದು ನಿಂತು ಮತ್ತೆ ಶುರುವಾಯಿತು. ಕೊನೆಗೆ ಪಟ್ಟಿಯನ್ನು ಹಿಂದಕ್ಕೆ ಸರಿಸಿ ಕೆಳಗಿಳಿಸಿದ. ಕಣ್ಣಿನ ಸುತ್ತ ರಬ್ಬರಿನ ಅಚ್ಚು ಬಿದ್ದಿತ್ತು, ಕೆನ್ನೆ ಒದ್ದೆಯಾಗಿತ್ತು.

"ಹಳದಿ ಪಟ್ಟಿ" ಅಂದ. ನನ್ನ ಬಲಗೈಯನ್ನು ನೋಡುತ್ತಿದ್ದ. "ಅಕ್ಕನಿಗೆ ನೂಲು ಸಾಲದೆ ಹೋದ ಕೈ. ಆವತ್ತೂ ಇದೇ ಕಂಡಿತ್ತು ಭಾವ. ಗೇಟು ಹೋಯ್ತು, ನಿಮ್ಮ ಮೇಜು ಬಂತು, ಈ ಕೈ ಬಂತು."

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದವನು ನಾನು. ಅವನ ಗಾಗಲ್ಲಿನಲ್ಲಿ ಏನು ಕಂಡಿರುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ಹರಿದುಹೋದ ಚಿತ್ರ, ಏನು ಮಹಾ ಕಂಡೀತು ಎಂದು ಸಮಾಧಾನ ಮಾಡಿಕೊಂಡಿದ್ದೆ.

"ಗೊತ್ತಿದ್ದೂ ನಲವತ್ತು ಭಾನುವಾರ ಯಾಕೆ ಬಂದೆ ಮತ್ತೆ?"

"ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ."

"ನೀನೇ ಕೇಳಬಹುದಿತ್ತಲ್ಲೋ."

"ನಾನು ಕೇಳಿದ್ರೆ ನೀವು ಒಪ್ಪಿಕೊಂಡ ಹಾಗೆ ಆಗ್ತಿತ್ತು. ನೀವಾಗಿಯೇ ಹೇಳಿದ ಹಾಗೆ ಆಗ್ತಿರಲಿಲ್ಲ." ಅವನು ಮೂಗೊರೆಸಿಕೊಂಡ. "ಮೊದಮೊದಲು ಸಿಟ್ಟಿಂದ ಬರ್ತಿದ್ದೆ. ನೀವು ಚಹಾ ಮಾಡ್ತಿದ್ರಿ, ಅಕ್ಕನ ಲೋಟದಲ್ಲೇ ಕೊಡ್ತಿದ್ರಿ. ನನಗಾದ್ರೂ ಇನ್ಯಾರಿದ್ರು? ಹೇಳೋದು ಒಂದು ಬಿಟ್ಟು ಎಲ್ಲಾ ಮಾಡಿದ್ರಿ ಭಾವ ನೀವು."

"ಕ್ಷಮಿಸು" ಅಂದೆ. ಆ ಮಾತು ನನ್ನ ಬಾಯಿಂದ ಯಾವಾಗ ಬಂದಿತ್ತೋ ನೆನಪಿಲ್ಲ, ಹೆಂಡತಿಗೂ ಹೇಳಿದವನಲ್ಲ.

ಅವನು ಎದ್ದು ಡ್ರೋನನ್ನು ಡಬ್ಬಿಗೆ ಹಾಕಿಕೊಂಡ. ಯಾರಿಗಾದರೂ ಕೊಟ್ಟುಬಿಡಿ ಎಂದದ್ದನ್ನು ಮರೆತನೋ, ಮನಸ್ಸು ಬದಲಾಯಿಸಿದನೋ, ನಾನು ಕೇಳಲಿಲ್ಲ. ಬಾಗಿಲಲ್ಲಿ ನಿಂತು, ತಿರುಗದೆ ಹೇಳಿದ: "ಇಲ್ಲಿ ಹೇಳಿದ್ರೆ ಸಾಲದು. ಇಲ್ಲಿ ಕೇಳೋನು ನಾನೊಬ್ಬನೇ, ನನಗೆ ಮೊದಲೇ ಗೊತ್ತಿತ್ತು."

ಚಹಾ ಕುಡಿಯದೆ ಹೋದದ್ದು ಅದೇ ಮೊದಲು.

ಸೋಮವಾರ ಅಂಗಡಿ ಮುಚ್ಚಿ ಡಿಪೋಗೆ ಹೋದೆ. ಸಾಹೇಬರ ಎದುರು ಎರಡು ಡ್ರೋನು, ಒಂದು ಗಾಗಲ್ ಇಟ್ಟು, ಅವರ ಕಣ್ಣಿಗೇ ಕಟ್ಟಿ ತೋರಿಸಿದೆ. ಅವರು ಎರಡು ಸಲ ನೋಡಿದರು. "ನಿಮ್ಮ ಆಟದ ಸಾಮಾನಿನ ದೆಸೆಯಿಂದ ನನ್ನ ಡ್ರೈವರ್ ಒಬ್ಬ ಅನ್ಯಾಯವಾಗಿ ಬಸ್ ತೊಳೆದ" ಅಂದರು. ಅನ್ನಲಿ, ನನಗೆ ಬರಬೇಕಾದ್ದೇ. ನಡೆದದ್ದನ್ನು ಬರೆದು ಸಹಿ ಹಾಕಿ ಕೊಟ್ಟೆ. ಹೊರಗೆ ಬಸ್ಸುಗಳ ಸಾಲಿನ ಕೊನೆಯಲ್ಲಿ ಪೈಪು ಹಿಡಿದ ಬೆನ್ನೊಂದು ಕಂಡಿತು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಶನಿವಾರ ಸಂಜೆ ಮೈದಾನದಲ್ಲಿ ಎಲ್ಲರೂ ಸೇರಿದ್ದಾಗ ಹಲಗೆಯ ಮುಂದೆ ನಿಂತೆ. "ಒಂದು ಮಾತಿದೆ" ಅಂದಾಗ ಬೇಕರಿಯವನು, "ಯಾರಪ್ಪ ಕ್ಲಿಪ್ಪು ಮರೆತೋನು, ಬೈಸಿಕೊಳ್ಳೋಕೆ ಮುಂದೆ ಬಾ" ಎಂದು ನಗಿಸಿದ.

"ನಾನು" ಅಂದೆ.

ಎಲ್ಲ ಹೇಳಿದೆ. ಐದನೇ ಚಾನೆಲ್ಲು, ಮೂರು ಸೆಕೆಂಡು, ನಲವತ್ತು ಭಾನುವಾರ. ಇನ್ನು ಮೇಲೆ ಆ ಅಡ್ಡಹೆಸರು ಬೇಕೇಬೇಕು ಎಂದಿದ್ದರೆ ನನಗೆ ಇಡಿ ಅಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಬ್ಬೊಬ್ಬರೇ ತಂತಮ್ಮ ಡ್ರೋನಿನ ಮೇಲೆ ಬಗ್ಗಿ, ಸರಿಯಿದ್ದ ಸ್ಕ್ರೂಗಳನ್ನೇ ಮತ್ತೆ ಬಿಗಿಮಾಡತೊಡಗಿದರು. ಮೇಷ್ಟ್ರು ಬಂದು, ನಾನಿನ್ನೂ ಹಲಗೆಗೆ ಸಿಕ್ಕಿಸದಿದ್ದ ಕ್ಲಿಪ್ಪುಗಳ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಹಲಗೆ ಇನ್ನು ನಾನು ನೋಡ್ಕೋತೀನಿ, ನೀವು ಮನೆಗೆ ಹೋಗಿ" ಎಂದು ಮೆಲ್ಲಗೆ ಹೇಳಿದರು. ಭಾಮೈದ ಅಲ್ಲಿರಲಿಲ್ಲ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನನ್ನದು ಒಂದು ವರ್ಷ ತಡವಾಗಿ ಹೋಯಿತು.

ಮರುದಿನ ಭಾನುವಾರ. ಕುರ್ಚಿ ಒರೆಸಿದ್ದೆ, ಅಭ್ಯಾಸ. ಹತ್ತು ಗಂಟೆಗೆ ಎರಡು ಲೋಟ ಚಹಾ ಮಾಡಿದೆ. ಹತ್ತೂ ಕಾಲಾಯಿತು. ಬಾಗಿಲಿಗೆ ಹೋಗಿ ರಸ್ತೆ ನೋಡಿದೆ. ಟೈಲರ್ ತಲೆಯೆತ್ತಿ, "ಭಾಮೈದ ಬರಲಿಲ್ವ ಇವತ್ತು" ಅಂದ. "ಡ್ಯೂಟಿ ಇರಬೇಕು" ಅಂದೆ. ಹಾಗೆ ಹೇಳಿದ ಮೇಲೆ ಅದು ನಿಜವಾಗಲಿ ಅನ್ನಿಸಿತು.

ಹತ್ತೂವರೆಯ ಹೊತ್ತಿಗೆ ಹಿಂದಿನ ಗೋಡೆಯಾಚೆ ಸದ್ದಾಯಿತು. ಒಂದೇ ಒಂದು ಡ್ರೋನಿನ ಸದ್ದು. ಭಾನುವಾರ ಬೆಳಿಗ್ಗೆ ಅಲ್ಲಿ ಯಾರೂ ಹಾರಿಸುವುದಿಲ್ಲ. ಮೇಜಿನ ಮೇಲೆ ಬೇಕರಿಯವನ ಡ್ರೋನು ಬಿಚ್ಚಿಕೊಂಡು ಬಿದ್ದಿತ್ತು. ನಾನು ಮೊದಲು ಮಾಡಿದ ಕೆಲಸ ಅದರ ಬ್ಯಾಟರಿಯನ್ನು ತೆಗೆದು ಡ್ರಾಯರಿನಲ್ಲಿಟ್ಟದ್ದು. ಆಮೇಲೆ ಅಂಗಡಿಯಲ್ಲಿದ್ದ ಎಲ್ಲ ಬ್ಯಾಟರಿಗಳನ್ನೂ ಡ್ರಾಯರಿಗೆ ಹಾಕಿದೆ. ಗಾಗಲ್ ಕಟ್ಟಿಕೊಂಡು ಐದನೇ ಚಾನೆಲ್ಲಿಗೆ ತಿರುಗಿಸಿದೆ. ಗಾಗಲ್ ಬರೀ ನೋಡುತ್ತದೆ, ಏನನ್ನೂ ಕಳಿಸುವುದಿಲ್ಲ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಗೋಡೆ ಅಡ್ಡ ಇದ್ದರೂ ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ಹುಲ್ಲು, ಗೇಟು, ಬಿಸಿಲು. ತಿರುವಿಗೆ ಮೊದಲು ಕೊಂಚ ಮೇಲೆದ್ದು, ಆಚೆ ನೋಡಿ, ಅಗಲವಾಗಿ ತಿರುಗಿತು. ನಲವತ್ತು ಜನ ಪ್ಯಾಸೆಂಜರ್ ಇದ್ದಾರೇನೋ ಎಂದು ನಾನು ಖಾಲಿ ಅಂಗಡಿಯಲ್ಲಿ ಜೋರಾಗಿಯೇ ಅಂದೆ. ಆವತ್ತಿನ ಕಬ್ಬಿಣದ ಗೇಟು ಬಂತು. ನಡುವಿನಲ್ಲಿ ತೂರಿ ಹೋಯಿತು. ಮತ್ತೆ ಸುತ್ತು ಬಂದು ಮತ್ತೆ ತೂರಿತು. ಹಾಗೆ ಏಳು ಸಲ.

ಆಮೇಲೆ ಅದು ನೆಟ್ಟಗೆ ಮೇಲೇರಿತು. ಗೋಡೆ ಕೆಳಗಾಯಿತು, ಅಂಗಡಿಗಳ ಸಾಲು ಕಂಡಿತು, ನನ್ನ ತಗಡಿನ ಮಾಡು ಕಂಡಿತು. ಅದರ ಕೆಳಗೇ ನಾನು ಕೂತಿದ್ದೆ. ಅಲ್ಲಿ ಒಂದೆರಡು ಕ್ಷಣ ನಿಂತು, ಅವನು ಮೈದಾನಕ್ಕೆ ತಿರುಗಿಸಿಕೊಂಡ. ಕೂಗಿದರೆ ಕೇಳುವಷ್ಟು ಹತ್ತಿರವಿದ್ದ. ಕೂಗಲಿಲ್ಲ. ಅವನು ಇಳಿಸಿ ಬ್ಯಾಟರಿ ತೆಗೆದು ಚಿತ್ರ ಆರುವವರೆಗೂ ಹಳದಿ ಪಟ್ಟಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಏನನ್ನೂ ಮುಟ್ಟದೆ ಕೂತಿದ್ದೆ.